ಹಳೆಯ ವ್ಯಾನಿನ ರೇಡಿಯೇಟರ್ ಫ್ಯಾನ್ ಸದ್ದು: ಬುಷ್ ಹಾಕಿಸುವುದೋ, ಮೋಟರ್ ಬದಲಿಸುವುದೋ, ಪೂರ್ತಿ ಸೆಟ್ಟೇ ತರುವುದೋ?

ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಪಂಪ್‌ವೆಲ್‌ನಲ್ಲೋ ಐದು ನಿಮಿಷ ಬ್ಲಾಕ್‌ನಲ್ಲಿ ಸಿಕ್ಕಿಕೊಂಡಾಗ ಗಾಡಿಯ ಮುಂಭಾಗದಿಂದ ‘ಗರ್ರ್’ ಎಂದು ಸದ್ದು ಶುರುವಾಗುತ್ತದೆ. ಹೈವೇಗೆ ಬಂದು ಅರವತ್ತರ ವೇಗ ಹಿಡಿದ ಮೇಲೆ ತಾನಾಗಿಯೇ ನಿಲ್ಲುತ್ತದೆ. ಹೀಗಿದ್ದರೆ ಅದು ಬಹುತೇಕ ರೇಡಿಯೇಟರ್ ಫ್ಯಾನಿನದೇ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿಗೆ ಕೆಲಸವಿಲ್ಲ. ನಿಂತಾಗ ಮತ್ತು ಘಾಟಿ ಹತ್ತುವಾಗ ಮಾತ್ರ ಎಲ್ಲ ಭಾರ ಅದರ ಮೇಲೆ.

ಕರಾವಳಿಯಲ್ಲಿ ಹಳೆಯ ಓಮ್ನಿ, ಈಕೋಗಳು ಇನ್ನೂ ದಿನವಿಡೀ ದುಡಿಯುತ್ತಿವೆ. ಶಾಲೆಯ ಮಕ್ಕಳು, ಮಲ್ಪೆಯ ಮೀನು, ಶಂಕರಪುರದ ಮಲ್ಲಿಗೆ, ಅಡುಗೆಯವರ ಪಾತ್ರೆ ಎಲ್ಲಕ್ಕೂ ಅವೇ ಬೇಕು. ಓಮ್ನಿ ತಯಾರಿ 2019ರಲ್ಲೇ ನಿಂತಿರುವುದರಿಂದ ರಸ್ತೆಯಲ್ಲಿರುವ ಯಾವ ಓಮ್ನಿಯೂ ಈಗ ಹೊಸದಲ್ಲ. ಫ್ಯಾನ್ ಸದ್ದು ಮಾಡಿದಾಗ ಗಾಡಿಯವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ: ‘ಸ್ವಲ್ಪ ಸ್ಪ್ರೇ ಹೊಡೀರಿ’ ಅಥವಾ ‘ಸೆಟ್ಟೇ ಚೇಂಜ್ ಮಾಡಿ’. ಮೊದಲನೆಯದು ಹೆಚ್ಚಿನ ಸಲ ತಪ್ಪು, ಎರಡನೆಯದು ಎಷ್ಟೋ ಸಲ ಅನಗತ್ಯ. ನಡುವೆ ಬೇರೆ ದಾರಿಗಳಿವೆ. ಯಾವುದು ಸರಿ ಎನ್ನುವುದನ್ನು ನಿರ್ಧರಿಸುವುದು ಎರಡು ಸಂಗತಿ: ಮೋಟರಿನ ಶಾಫ್ಟ್ (ಬ್ಲೇಡನ್ನು ತಿರುಗಿಸುವ ದಂಡ) ಈಗ ಯಾವ ಸ್ಥಿತಿಯಲ್ಲಿದೆ, ಗಾಡಿ ಎಲ್ಲೆಲ್ಲಿ ಓಡುತ್ತದೆ.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಗಾಡಿ ನಿಲ್ಲಿಸಿ ಎಂಜಿನ್ ಐಡಲ್‌ನಲ್ಲಿ ಬಿಡಿ. ಫ್ಯಾನ್ ಆನ್ ಆದಾಗ ಸದ್ದು ಶುರುವಾಗಿ, ಆಫ್ ಆದಾಗ ನಿಲ್ಲಬೇಕು. ಆಕ್ಸಿಲರೇಟರ್ ಒತ್ತಿದಂತೆ ಸದ್ದೂ ಏರಿದರೆ ಅದು ವಾಟರ್ ಪಂಪ್, ಆಲ್ಟರ್ನೇಟರ್ ಬೇರಿಂಗ್ ಅಥವಾ ಬೆಲ್ಟಿನದು. ಫ್ಯಾನ್ ಬದಲಿಸಿದರೂ ಅದು ಹೋಗುವುದಿಲ್ಲ. ಎಸಿ ಇರುವ ಗಾಡಿಯಲ್ಲಿ ಕಂಡೆನ್ಸರಿಗೆ ಬೇರೆಯೇ ಫ್ಯಾನ್ ಇದ್ದರೆ, ಎಸಿ ಆಫ್ ಮಾಡಿಯೂ ಆನ್ ಮಾಡಿಯೂ ಕೇಳಿ ಸದ್ದು ಯಾವುದರದೆಂದು ಖಚಿತ ಮಾಡಿಕೊಳ್ಳಿ.

ಸದ್ದಿನ ಬಗೆಯೇ ಅರ್ಧ ಉತ್ತರ. ಬೆಳಿಗ್ಗೆ ಮೊದಲ ಸಲ ತಿರುಗುವಾಗ ‘ಕೀಂಯ್’ ಎಂದು ಕಿರುಚಿ ಬಿಸಿಯಾದ ಮೇಲೆ ಕಡಿಮೆಯಾದರೆ ಬುಷ್ (ಶಾಫ್ಟ್ ಕೂತು ತಿರುಗುವ ಲೋಹದ ಬಳೆ) ಒಣಗಿದೆ. ಸದಾ ‘ಗರಗರ’ ಎಂದರೆ ಬುಷ್ ತೀರಾ ಸವೆದಿದೆ, ಬಾಲ್ ಬೇರಿಂಗ್ ಇರುವ ಮೋಟರಾದರೆ ಒಳಗೆ ತುಕ್ಕು ಹಿಡಿದಿದೆ. ಒಂದೇ ಲಯದ ‘ಟಕಟಕ’ ಬ್ಲೇಡ್ ಶ್ರೌಡಿಗೋ (ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು) ಜೋತುಬಿದ್ದ ವೈರಿಗೋ ತಾಗುವ ಸದ್ದು. ಸ್ಟೀರಿಂಗ್‌ವರೆಗೂ ನಡುಕ ಬಂದು ‘ಗುಂಯ್’ ಎಂದರೆ ಬ್ಲೇಡಿನ ಒಂದು ಎಸಳು ಮುರಿದಿದೆ, ಇಲ್ಲವೇ ಮೌಂಟಿನ ರಬ್ಬರ್ ಕಲ್ಲಿನಂತಾಗಿದೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದಾದರೆ ಮೋಟರಿನ ಒಳಗಿನ ಮ್ಯಾಗ್ನೆಟ್ ಎದ್ದು ಆರ್ಮೇಚರಿಗೆ (ತಾಮ್ರದ ತಂತಿ ಸುತ್ತಿದ, ತಿರುಗುವ ಭಾಗ) ತಾಗುತ್ತಿರಬಹುದು.

ಈ ಕೊನೆಯದನ್ನು ಕಡಲ ಬದಿಯವರು ಮುಖ್ಯವಾಗಿ ಗಮನಿಸಬೇಕು. ಮೋಟರಿನ ತಗಡಿನ ಡಬ್ಬಿಯ ಒಳಗೋಡೆಗೆ ಮ್ಯಾಗ್ನೆಟ್‌ಗಳನ್ನು ಅಂಟಿಸಿಯೋ ಕ್ಲಿಪ್ ಹಾಕಿಯೋ ಕೂರಿಸಿರುತ್ತಾರೆ. ಉಪ್ಪುಗಾಳಿ ಮತ್ತು ತೇವದಿಂದ ಆ ತಗಡು ತುಕ್ಕು ಹಿಡಿದರೆ ತುಕ್ಕಿನ ಪದರ ಉಬ್ಬಿ ಮ್ಯಾಗ್ನೆಟನ್ನು ಒಳಕ್ಕೆ ನೂಕುತ್ತದೆ. ಆರ್ಮೇಚರಿಗೂ ಮ್ಯಾಗ್ನೆಟಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೇ. ಮೀನಿನ ಐಸ್ ನೀರು ಸುರಿಯುವ ಲಾರಿಗಳ ಹಿಂದೆ ದಿನಾ ಓಡುವ, ಬಂದರಿನ ಧಕ್ಕೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಗಾಡಿಗಳಲ್ಲಿ ಬುಷ್ ಸವೆಯುವ ಮೊದಲೇ ಹೀಗಾಗುವುದುಂಟು. ಅಂಥ ಮೋಟರಿಗೆ ಬುಷ್ ಹಾಕಿಸಿ ಪ್ರಯೋಜನವಿಲ್ಲ.

ಕೈಯಿಂದ ಮಾಡುವ ಪರೀಕ್ಷೆ

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚದೆ ಬ್ಲೇಡಿಗೆ ಕೈ ಹಾಕಲೇಬೇಡಿ. ಎಂಜಿನ್ ಆಫ್ ಇದ್ದರೂ ನೀರು ಬಿಸಿಯಿದ್ದರೆ ಫ್ಯಾನ್ ತಟ್ಟನೆ ತಿರುಗಬಹುದು, ಬೆರಳು ಹೋಗುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ಗಾಡಿ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಿರಿ.

ಈಗ ಬ್ಲೇಡನ್ನು ಬೆರಳಿನಿಂದ ತಿರುಗಿಸಿ. ಮ್ಯಾಗ್ನೆಟಿನಿಂದಾಗಿ ಸ್ವಲ್ಪ ತಡೆತಡೆದು ತಿರುಗುವುದು ಸಹಜ. ಆದರೆ ಮರಳು ಅರೆದಂತೆ ಕೈಗೆ ತಾಗಬಾರದು, ಒಂದೇ ಜಾಗದಲ್ಲಿ ಬಿಗಿಯಾಗಬಾರದು. ಆಮೇಲೆ ಬ್ಲೇಡಿನ ನಡುವಿನ ಗುಬುಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಿಂದೆ ಮುಂದೆ ಕೂದಲೆಳೆಯಷ್ಟು ಆಟ ಇರಬಹುದು, ಅದು ವಾಷರಿನ ಜಾಗ. ಮೇಲೆ ಕೆಳಗೆ ಆಟ ಕೈಗೆ ಗೊತ್ತಾದರೆ ಬುಷ್ ಹೋಗಿದೆ. ಕೊನೆಗೆ ಬ್ಲೇಡಿನ ತುದಿಗೂ ಶ್ರೌಡಿಗೂ ನಡುವಿನ ಅಂತರವನ್ನು ಸುತ್ತಲೂ ನೋಡಿ. ಕೆಳಗೆ ಕಡಿಮೆ, ಮೇಲೆ ಜಾಸ್ತಿ ಆಗಿದ್ದರೆ ಮೋಟರ್ ಜಗ್ಗಿದೆ. ಅದಕ್ಕೆ ಸಡಿಲವಾದ ಬೋಲ್ಟೂ ಕಾರಣವಿರಬಹುದು, ಬಿರಿದ ಶ್ರೌಡೂ ಇರಬಹುದು.

ಇನ್ನೊಂದು ಅಳತೆ ಕರೆಂಟಿನದು. ಮೋಟರಿನ ಮೇಲೆ ವ್ಯಾಟ್ ಬರೆದಿದ್ದರೆ ಅದನ್ನು 12ರಿಂದ ಭಾಗಿಸಿ. 80 ವ್ಯಾಟ್ ಆದರೆ ಸುಮಾರು 6.7 ಆಂಪಿಯರ್, 120 ಆದರೆ 10. ಎಲೆಕ್ಟ್ರೀಷಿಯನ್ ಬಳಿ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಫ್ಯಾನ್ ತಿರುಗುವಾಗ ಒಂದು ವೈರಿಗೆ ಹಾಕಿಸಿ ನೋಡಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಏರಿ ಇಳಿಯುವುದು ಸರಿಯೇ. ಇಳಿದ ಮೇಲೂ ಬರೆದದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚೇ ಇದ್ದರೆ ಮೋಟರ್ ಒಳಗೆ ಉಜ್ಜುತ್ತಿದೆ ಅಥವಾ ವೈಂಡಿಂಗ್ ಶಾರ್ಟ್ ಆಗಿದೆ. ಅದಕ್ಕೆ ಮತ್ತೆ ಹಣ ಹಾಕುವುದು ಬೇಡ. ಸಾಮಾನ್ಯ ಮಲ್ಟಿಮೀಟರಿನ 10 ಆಂಪಿಯರ್ ತೂತಿನಲ್ಲಿ ಈ ಪರೀಕ್ಷೆ ಮಾಡಿದರೆ ಸ್ಟಾರ್ಟಿಂಗ್ ಕರೆಂಟಿಗೆ ಮೀಟರಿನ ಫ್ಯೂಸ್ ಹೋಗುತ್ತದೆ.

ಅದೇ ಹೊತ್ತಿಗೆ ಕಪ್ಲರಿನಲ್ಲಿ (ಮೋಟರಿಗೆ ವೈರ್ ಜೋಡಿಸುವ ಪ್ಲಗ್) ವೋಲ್ಟೇಜ್ ನೋಡಿಬಿಡಿ. ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಮೀರಿ ಇಳಿದಿದ್ದರೆ ಎಲ್ಲೋ ಅರ್ತ್ ಸರಿಯಿಲ್ಲ ಅಥವಾ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆ. ಇದನ್ನು ಸರಿಮಾಡದೆ ಹೊಸ ಮೋಟರ್ ಕೂರಿಸಿದರೆ ಅದೂ ನಿಧಾನವಾಗಿ ತಿರುಗುತ್ತದೆ, ಕಪ್ಲರ್ ಕರಗುತ್ತದೆ.

ದಾರಿ ಒಂದು: ಏನೂ ಕೊಳ್ಳದೆ ಸರಿಮಾಡುವುದು

ಆಟವಿಲ್ಲ, ಗರಗರವಿಲ್ಲ, ಟಕಟಕ ಅಥವಾ ನಡುಕ ಮಾತ್ರ ಇದೆ ಎಂದಾದರೆ ಇಲ್ಲಿಗೇ ಮುಗಿಯಬಹುದು. ಶ್ರೌಡಿನ ಬೋಲ್ಟುಗಳನ್ನು ಬಿಗಿ ಮಾಡಿ. ಸಾಮಾನ್ಯವಾಗಿ 10ರ ಸ್ಪ್ಯಾನರ್ ಸಾಕು. ತೆಂಗಿನ ಗರಿಯ ಎಳೆ, ಪ್ಲಾಸ್ಟಿಕ್ ಚೀಲ, ಒಣಗಿದ ಕೆಂಪು ಕೆಸರು ಬ್ಲೇಡಿನ ಬೆನ್ನಿಗೆ ಅಂಟಿದ್ದರೆ ಕೆರೆದು ತೆಗೆಯಿರಿ. ಒಂದೇ ಎಸಳಿಗೆ ಹತ್ತು ಗ್ರಾಂ ಕೆಸರು ಮೆತ್ತಿದರೂ ಸಾಕು, ನಡುಕ ಬರುತ್ತದೆ.

ಎಸಳು ಬಿರಿದಿದ್ದರೆ ಎಂ-ಸೀಲ್, ಅರಾಲ್ಡೈಟ್ ಹಚ್ಚಬೇಡಿ. ಹಚ್ಚಿದ ಕಡೆ ತೂಕ ಹೆಚ್ಚಿ ಬುಷ್ ಬೇಗ ಸವೆಯುತ್ತದೆ. ಬಿಸಿಗೆ ಆ ತುಂಡು ಹಾರಿದರೆ ನೇರ ರೇಡಿಯೇಟರಿನ ಕೋರಿಗೆ (ನೀರಿನ ಟ್ಯೂಬುಗಳಿರುವ ಭಾಗ) ನಾಟುತ್ತದೆ. ಬ್ಲೇಡ್ ಮಾತ್ರ ಬೇರೆಯಾಗಿ ಸಿಗುತ್ತದೆ, ಅದನ್ನೇ ಹಾಕಿ.

ಇನ್ನು ಸ್ಪ್ರೇಯ ವಿಷಯ. ಸಣ್ಣ ವ್ಯಾನುಗಳ ಎಷ್ಟೋ ಫ್ಯಾನ್ ಮೋಟರುಗಳಲ್ಲಿ ಇರುವುದು ಪುಡಿಲೋಹ ಒತ್ತಿ ಮಾಡಿದ ಕಂಚಿನ ಬುಷ್. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ಆ ರಂಧ್ರಗಳಲ್ಲಿ ಎಣ್ಣೆ. ತಿರುಗಿ ಬಿಸಿಯಾದಾಗ ಎಣ್ಣೆ ಹೊರಬರುತ್ತದೆ, ತಣಿದಾಗ ಒಳಗೆ ಹೋಗುತ್ತದೆ. ಡಬ್ಲ್ಯೂಡಿ-40ನಂಥ ತೆಳು ಸ್ಪ್ರೇ ಹೊಡೆದರೆ ಉಳಿದಿದ್ದ ಎಣ್ಣೆಯೂ ತೊಳೆದು ಹೋಗುತ್ತದೆ. ನಾಲ್ಕು ದಿನ ನಿಶ್ಶಬ್ದ, ಆಮೇಲೆ ಮೊದಲಿಗಿಂತ ಜೋರು. ಅದು ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್) ಮೇಲೂ ಬಿದ್ದರೆ ಕಾರ್ಬನ್ ಪುಡಿ ಸೇರಿ ಕಪ್ಪು ಅಂಟಾಗುತ್ತದೆ. ಗ್ರೀಸ್ ಹಚ್ಚುವುದೂ ಅಷ್ಟೇ ತಪ್ಪು, ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ. ಈ ವಾರ ಗಾಡಿ ಓಡಲೇಬೇಕು ಎಂದಾದರೆ ಶಾಫ್ಟ್ ಬುಷ್ ಸೇರುವ ಕಡೆ ಎಂಜಿನ್ ಆಯಿಲಿನ ಎರಡೇ ಹನಿ ಬಿಡಿ. ಅದು ಬುಷ್ ತರಿಸುವವರೆಗಿನ ತಾತ್ಕಾಲಿಕ ಉಪಾಯ ಮಾತ್ರ.

ದಾರಿ ಎರಡು: ಬುಷ್ ಮತ್ತು ಕಾರ್ಬನ್ ಹಾಕಿಸುವುದು

ಸ್ಟಾರ್ಟರ್, ಆಲ್ಟರ್ನೇಟರ್ ರಿಪೇರಿಯ ಆಟೋ ಎಲೆಕ್ಟ್ರಿಕಲ್ ಅಂಗಡಿಯವರು ಈ ಕೆಲಸ ಮಾಡುತ್ತಾರೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಆದರೆ ಮಾಡುವವರ ಕೈ ಚೆನ್ನಾಗಿರಬೇಕು. ಚೆನ್ನಾಗಿ ಮಾಡಿದರೆ ಲೋಕಲ್ ಹೊಸ ಮೋಟರಿಗಿಂತ ಹೆಚ್ಚು ಬಾಳುತ್ತದೆ, ಏಕೆಂದರೆ ಹಳೆಯ ಒರಿಜಿನಲ್ ಮೋಟರಿನ ತಾಮ್ರ ಮತ್ತು ಮ್ಯಾಗ್ನೆಟ್ ಒಳ್ಳೆಯವು. ಹಾಗಾಗಿ ಕೆಲಸ ಹೇಗೆ ನಡೆಯಬೇಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಬಿಚ್ಚುವ ಮೊದಲು ಡಬ್ಬಿಗೂ ಹಿಂದಿನ ಮುಚ್ಚಳಕ್ಕೂ ಸೇರುವಂತೆ ಒಂದು ಗೀಟು ಹಾಕಬೇಕು. ಮುಚ್ಚಳ ತಿರುವಿ ಕೂತರೆ ಕಾರ್ಬನ್ ಇರುವ ಕೋನ ಬದಲಾಗಿ ಮೋಟರ್ ಕಿಡಿ ಹಾರಿಸುತ್ತದೆ, ಇಲ್ಲವೇ ಉಲ್ಟಾ ತಿರುಗುತ್ತದೆ. ಶಾಫ್ಟಿನಿಂದ ಬ್ಲೇಡ್ ಬರದಿದ್ದರೆ ಸುತ್ತಿಗೆಯಲ್ಲಿ ಹೊಡೆಯಬಾರದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಚಿಕ್ಕ ಎರಡು ಕಾಲಿನ ಪುಲ್ಲರಿನಲ್ಲಿ ಎಳೆಯಬೇಕು. ಕೆಲವು ಮೋಟರಿನ ನಟ್ ಎಡಮರೆಯದು (ಉಲ್ಟಾ ತಿರುಗಿಸಿ ಬಿಚ್ಚಬೇಕು), ಬಲ ಹಾಕುವ ಮೊದಲು ಮರೆಯ ಓರೆ ನೋಡಿಕೊಳ್ಳಿ. ಆರ್ಮೇಚರ್ ಹೊರತೆಗೆದಾಗ ಶಾಫ್ಟಿನ ವಾಷರುಗಳು ಯಾವ ಕ್ರಮದಲ್ಲಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯದು. ಮ್ಯಾಗ್ನೆಟ್ ಡಬ್ಬಿಯನ್ನು ಲೇತಿನ ಹತ್ತಿರ ಇಡಲೇಬಾರದು, ಕಬ್ಬಿಣದ ಪುಡಿ ಅಂಟಿದರೆ ಪೂರ್ತಿ ತೆಗೆಯುವುದು ಕಷ್ಟ.

ಇನ್ನು ನಿರ್ಣಯದ ಘಳಿಗೆ. ವರ್ನಿಯರ್ ಅಥವಾ ಮೈಕ್ರೋಮೀಟರಿನಲ್ಲಿ ಶಾಫ್ಟನ್ನು ಎರಡು ಕಡೆ ಅಳೆಯಿರಿ: ಬುಷ್ ಉಜ್ಜುವ ಜಾಗದಲ್ಲಿ ಒಮ್ಮೆ, ಪಕ್ಕದ ಸವೆಯದ ಜಾಗದಲ್ಲಿ ಒಮ್ಮೆ. ವ್ಯತ್ಯಾಸ 0.05 ಮಿಲಿಮೀಟರ್ ದಾಟಿದ್ದರೆ, ಉಗುರು ಎಳೆದಾಗ ಮೆಟ್ಟಿಲು ಸಿಕ್ಕಿದರೆ, ಅಥವಾ ತುಕ್ಕಿನ ಗುಳಿಗಳಿದ್ದರೆ ಹೊಸ ಬುಷ್ ಬೇಡ. ಆ ಒರಟು ಶಾಫ್ಟ್ ಹೊಸ ಬುಷ್ಷನ್ನು ಬೇಗನೆ ತಿಂದುಹಾಕುತ್ತದೆ. ಶಾಫ್ಟ್ ಕನ್ನಡಿಯಂತಿದ್ದು ಕಮ್ಯುಟೇಟರಿನಲ್ಲಿ (ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತು) ಆಳವಾದ ತೋಡು ಬೀಳದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಕಮ್ಯುಟೇಟರಿಗೆ 400 ಅಥವಾ 600 ನಂಬರಿನ ಸ್ಯಾಂಡ್ ಪೇಪರ್ ಸಾಕು. ಎಮರಿ ಬಟ್ಟೆ ಬೇಡ, ಅದರ ಗಟ್ಟಿ ಕಣಗಳು ತಾಮ್ರದಲ್ಲಿ ಹೂತು ಕಾರ್ಬನ್ ಅರೆಯುತ್ತವೆ. ಉಜ್ಜಿದ ಮೇಲೆ ಪಟ್ಟಿಗಳ ನಡುವಿನ ಸಂದಿಯಲ್ಲಿ ಕುಳಿತ ಪುಡಿಯನ್ನು ಸೂಜಿಯಿಂದ ತೆಗೆಯಬೇಕು.

ಬುಷ್ ಕೇಳುವಾಗ ‘ಆಯಿಲ್ ಬುಷ್ಷೇ ಹಾಕಿ ಅಣ್ಣ, ಲೇತಲ್ಲಿ ಮಾಡಿದ ಹಿತ್ತಾಳೆ ಬೇಡ’ ಎಂದು ಮೊದಲೇ ಹೇಳಿ. ಲೇತಿನಲ್ಲಿ ಕಡೆದ ಹಿತ್ತಾಳೆ ಬುಷ್ ನೋಡಲು ಹೊಳೆಯುತ್ತದೆ, ಆದರೆ ಅದಕ್ಕೆ ಎಣ್ಣೆ ಹಿಡಿದಿಡುವ ರಂಧ್ರಗಳಿಲ್ಲ. ಹಚ್ಚಿದ ಎಣ್ಣೆ ಆರಿದ ದಿನವೇ ಸದ್ದು ಮರಳಿ ಬರುತ್ತದೆ. ಬುಷ್ ಹಾಕಿಸಿದೆ, ತಿಂಗಳೂ ಬಾಳಲಿಲ್ಲ ಎನ್ನುವ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಆಯಿಲ್ ಬುಷ್ಷನ್ನು ಕೂರಿಸುವ ಮೊದಲು ಬೆಚ್ಚಗಿನ 30 ಗ್ರೇಡಿನ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಎಣ್ಣೆಯಿಂದ ತೆಗೆದು ಬೆರಳಿನಲ್ಲಿ ಒತ್ತಿ ಹಿಡಿದರೆ, ಮೈ ಬೆವರಿದಂತೆ ಸಣ್ಣ ಸಣ್ಣ ಎಣ್ಣೆ ಹನಿಗಳು ಮೇಲೇಳುವುದು ಕಾಣುತ್ತದೆ. ಆಗ ಅದು ತಯಾರು. ಒಳಗಿನ ತೂತನ್ನು ರೀಮರ್ (ತೂತು ಅಗಲಿಸುವ ಉಪಕರಣ) ಹಾಕಿ ಕೆರೆದರೆ ಅಲ್ಲಿಯ ರಂಧ್ರಗಳು ಮುಚ್ಚಿಹೋಗುತ್ತವೆ, ಆದ್ದರಿಂದ ಸರಿಯಾದ ಸೈಜಿನದೇ ಹುಡುಕಬೇಕು. ಕಾರ್ಬನ್ ಹೊಸದರ ಮೂರನೇ ಒಂದರಷ್ಟೇ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನು ಮಾತ್ರ ಹಾಕಬೇಡಿ.

ಬಾಲ್ ಬೇರಿಂಗ್ ಇರುವ ಮೋಟರಾದರೆ ಕೆಲಸ ಸುಲಭ. ಬೇರಿಂಗಿನ ಮೇಲೆಯೇ ನಂಬರ್ ಇರುತ್ತದೆ: 608 ಎಂದರೆ 8 ಮಿಮೀ ಶಾಫ್ಟ್, 22 ಮಿಮೀ ಹೊರವ್ಯಾಸ, 7 ಮಿಮೀ ದಪ್ಪ, 6200 ಎಂದರೆ 10, 30, 9. ಲೋಹದ ಮುಚ್ಚಳದ ಝಡ್‌ಝಡ್ ಬದಲು ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ. ನಮ್ಮ ಮಳೆಗಾಲಕ್ಕೆ ಅದೇ ಬೇಕು.

ಇಷ್ಟೆಲ್ಲ ಸೇರಿ ಖರ್ಚು ಹೊಸ ಮೋಟರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಎಂದು ಅಂಗಡಿಯವರು ಹೇಳಿದರೆ ಮುಂದಿನ ದಾರಿ ಹಿಡಿಯಿರಿ. ಆರ್ಮೇಚರ್ ರಿವೈಂಡಿಂಗ್ ಮಾಡಿಸುವುದಂತೂ ಈ ಗಾತ್ರದ ಮೋಟರಿಗೆ ಲಾಭವಿಲ್ಲ.

ದಾರಿ ಮೂರು: ಮೋಟರ್ ಮಾತ್ರ ಹೊಸದು

ಶ್ರೌಡ್ ಮತ್ತು ಬ್ಲೇಡ್ ಗಟ್ಟಿಯಾಗಿದ್ದು ಮೋಟರ್ ಮಾತ್ರ ಕೆಟ್ಟಿದ್ದರೆ ನಮ್ಮ ಮಟ್ಟಿಗೆ ಇದೇ ಮೊದಲ ಆಯ್ಕೆ. ದಿನಾ ದುಡಿಯುವ ಗಾಡಿಗೆ ಖಾತ್ರಿ ಬೇಕು, ಈ ದಾರಿಯಲ್ಲಿ ಅದು ಸಿಗುತ್ತದೆ. ಪೂರ್ತಿ ಸೆಟ್ಟಿನಷ್ಟು ಖರ್ಚೂ ಆಗುವುದಿಲ್ಲ.

ಅಂಗಡಿಗೆ ಹೋಗುವಾಗ ಹಳೆಯ ಮೋಟರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ‘ಓಮ್ನಿ ಮೋಟರ್’ ಎಂದರೆ ಸಾಲದು, ಹಳೆಯ ಕಾರ್ಬ್ಯುರೇಟರ್ ಗಾಡಿಯದೋ ಪೆಟ್ರೋಲ್ ಇಂಜೆಕ್ಷನ್ನಿನ ಎಂಪಿಎಫ್‌ಐ ಗಾಡಿಯದೋ, ಎಸಿ ಇದೆಯೋ ಇಲ್ಲವೋ ಎಂದು ಹೇಳಬೇಕು. ಕೌಂಟರಿನ ಮೇಲೆಯೇ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಶಾಫ್ಟಿನ ದಪ್ಪ ಮತ್ತು ಆಕಾರ ಒಂದೇ ಇರಬೇಕು. ಒಂದು ಬದಿ ಚಪ್ಪಟೆ ಇರುವ ಶಾಫ್ಟಿಗೆ ದುಂಡು ಶಾಫ್ಟ್ ಬದಲಿಯಲ್ಲ. ಶಾಫ್ಟ್ ಹೊರಚಾಚಿರುವ ಉದ್ದ ಎರಡು ಮಿಲಿಮೀಟರ್ ಹೆಚ್ಚಾದರೂ ಬ್ಲೇಡ್ ರೇಡಿಯೇಟರಿನ ಹತ್ತಿರ ಸರಿಯುತ್ತದೆ. ಮೌಂಟಿನ ತೂತುಗಳ ಅಂತರ, ತಿರುಗುವ ದಿಕ್ಕು, ವ್ಯಾಟ್, ಕಪ್ಲರ್ ಎಲ್ಲ ನೋಡಿ. ವ್ಯಾಟ್ ಜಾಸ್ತಿಯಿದ್ದರೆ ಒಳ್ಳೆಯದೇ ಎಂದುಕೊಳ್ಳಬೇಡಿ. ಫ್ಯೂಸ್ ಹಾರುತ್ತದೆ, ಆಗ ಯಾರೋ ದೊಡ್ಡ ಫ್ಯೂಸ್ ಹಾಕುತ್ತಾರೆ, ಆಮೇಲೆ ವೈರ್ ಸುಡುತ್ತದೆ.

ಲೋಕಲ್ ಮತ್ತು ಒರಿಜಿನಲ್ ನಡುವಿನ ವ್ಯತ್ಯಾಸ ಅಂಗಡಿಯಲ್ಲೇ ಸ್ವಲ್ಪ ಗೊತ್ತಾಗುತ್ತದೆ. ಕೈಯಲ್ಲಿ ಎತ್ತಿದಾಗ ತೀರಾ ಹಗುರವಾಗಿದ್ದರೆ ತಾಮ್ರವೂ ಮ್ಯಾಗ್ನೆಟ್ಟೂ ಕಡಿಮೆ. ಬ್ಯಾಟರಿಗೆ ಕೊಟ್ಟು ತಿರುಗಿಸಿ ತೋರಿಸಲು ಹೇಳಿ. ಮೋಟರನ್ನು ಮೇಜಿಗೆ ಒತ್ತಿ ಹಿಡಿಸಿ, ಏಕೆಂದರೆ ಬಿಟ್ಟರೆ ಹಾರುತ್ತದೆ. ಶಾಫ್ಟ್ ತುದಿ ಕಣ್ಣಿಗೆ ಒಂದು ಚುಕ್ಕಿಯಂತೆ ಸ್ಥಿರವಾಗಿ ಕಾಣಬೇಕು, ವೃತ್ತ ಬರೆದಂತೆ ಕಂಡರೆ ಶಾಫ್ಟ್ ಸೊಟ್ಟಗಿದೆ. ಬಿಲ್ ಮತ್ತು ವಾರಂಟಿ ಕೇಳಿ. ಎಷ್ಟೋ ಕಡೆ ಎಲೆಕ್ಟ್ರಿಕಲ್ ಪಾರ್ಟ್ ಒಮ್ಮೆ ಹಾಕಿದ ಮೇಲೆ ವಾಪಸ್ ಪಡೆಯುವುದಿಲ್ಲ, ಹಾಗಾಗಿ ಈ ಪರೀಕ್ಷೆ ಕೌಂಟರಿನಲ್ಲೇ ಆಗಬೇಕು.

ದಾರಿ ನಾಲ್ಕು: ಪೂರ್ತಿ ಸೆಟ್

ಶ್ರೌಡ್, ಬ್ಲೇಡ್, ಮೋಟರ್ ಮೂರೂ ಒಟ್ಟಿಗೆ ಬರುವ ಸೆಟ್ಟಿಗೆ ಖರ್ಚು ಎಲ್ಲಕ್ಕಿಂತ ಹೆಚ್ಚು. ಶ್ರೌಡಿನ ಬೋಲ್ಟ್ ತೂತುಗಳು ಒಡೆದಿದ್ದರೆ, ಅಂಚು ಬಿರಿದಿದ್ದರೆ ಇದು ಸಮರ್ಥನೀಯ. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಶ್ರೌಡ್ ಅಲಂಕಾರದ ವಸ್ತುವಲ್ಲ. ಗಾಳಿ ರೇಡಿಯೇಟರಿನ ಮೂಲೆಮೂಲೆಯಿಂದಲೂ ಬರುವಂತೆ ಮಾಡುವುದೇ ಅದು. ಶ್ರೌಡ್ ಬಿಸಾಕಿ ಮೋಟರನ್ನು ಕಬ್ಬಿಣದ ಪಟ್ಟಿಗೆ ಕಟ್ಟಿ ಓಡಿಸುವ ಗಾಡಿಗಳಲ್ಲಿ ಬ್ಲೇಡಿನ ಎದುರಿನ ವೃತ್ತ ಮಾತ್ರ ತಣಿಯುತ್ತದೆ, ಸುತ್ತಲಿನ ಭಾಗ ಬಿಸಿಯಾಗಿಯೇ ಉಳಿಯುತ್ತದೆ.

ಗುಜರಿಯಿಂದ ತಂದರೆ?

ಗುಜರಿ ಅಂಗಡಿಯಲ್ಲಿ ಒಮ್ಮೊಮ್ಮೆ ಒರಿಜಿನಲ್ ಸೆಟ್ ಅಗ್ಗಕ್ಕೆ ಸಿಗುತ್ತದೆ. ಶ್ರೌಡ್ ಮತ್ತು ಬ್ಲೇಡಿಗಾಗಿ ಗುಜರಿ ಒಳ್ಳೆಯ ಜಾಗ, ಮೋಟರಿಗಾಗಿ ಅಲ್ಲ. ಕರಾವಳಿಯಲ್ಲೇ ಓಡಿದ ಗಾಡಿಯದಾದರೆ ಅದಕ್ಕೂ ನಿಮ್ಮದಕ್ಕೆ ಆದದ್ದೇ ಆಗಿರುತ್ತದೆ. ತರಲೇಬೇಕಾದರೆ ಘಟ್ಟದ ಮೇಲಿನ ರಿಜಿಸ್ಟ್ರೇಷನ್ನಿನ ಗಾಡಿಯದು ಇದೆಯೇ ಎಂದು ಕೇಳಿ, ಮೇಲೆ ಹೇಳಿದ ಆಟದ ಪರೀಕ್ಷೆ ಮಾಡಿ, ಮನೆಗೆ ತಂದು ಬುಷ್ ಬದಲಿಸಿಯೇ ಹಾಕಿ.

ಎಲ್ಲ ಗಾಡಿಗೂ ಆಗುತ್ತದೆ ಎಂದು ಮಾರುವ ಯುನಿವರ್ಸಲ್ ಫ್ಯಾನುಗಳು ಮಾತ್ರ ಬೇಡವೇ ಬೇಡ. ಅವನ್ನು ಕೋರಿನ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುತ್ತಾರೆ. ನಡುಕಕ್ಕೆ ಆ ಟೈ ಕೋರಿನ ಟ್ಯೂಬನ್ನು ಗರಗಸದಂತೆ ಕೊಯ್ಯುತ್ತದೆ. ಫ್ಯಾನಿನ ಖರ್ಚಿನ ಜೊತೆಗೆ ರೇಡಿಯೇಟರಿನ ಖರ್ಚೂ ಬರುತ್ತದೆ.

ಗಾಡಿ ಎಲ್ಲಿ ಓಡುತ್ತದೆ ಎನ್ನುವುದು

ಊರೊಳಗೆ ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡುವ, ಸಂಜೆ ಮನೆ ಸೇರುವ ಗಾಡಿಗೆ ಶಾಫ್ಟ್ ಚೆನ್ನಾಗಿದ್ದರೆ ಬುಷ್ ಸಾಕು. ಶಾಲಾ ವ್ಯಾನಿಗೆ ನಾವು ಹೊಸ ಮೋಟರನ್ನೇ ಹೇಳುತ್ತೇವೆ. ಬಿಸಿಲಿಗೆ ರಸ್ತೆ ಬದಿಯಲ್ಲಿ ಹೊಗೆಯಾಡುವ ಗಾಡಿಯಲ್ಲಿ ಹತ್ತು ಮಕ್ಕಳನ್ನು ಕೂರಿಸಿಕೊಂಡು ಕಾಯುವ ಸ್ಥಿತಿ ಯಾರಿಗೂ ಬರಬಾರದು. ಮೀನಿನ ಗಾಡಿಗೂ ಹೊಸದೇ. ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿ, ಶಿರಾಡಿಗಳನ್ನೋ ಲೋಡ್ ಹಾಕಿಕೊಂಡು ಹತ್ತುವ ಗಾಡಿಯಲ್ಲಿ ರಿಪೇರಿಯ ಪ್ರಯೋಗವೇ ಬೇಡ. ಅಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ವೇಗ ಇಪ್ಪತ್ತರ ಆಸುಪಾಸು, ಎದುರುಗಾಳಿ ಇಲ್ಲ. ಫ್ಯಾನ್ ನಿಂತರೆ ಕೆಲವೇ ನಿಮಿಷದಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಕಾಣದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಆ ಖರ್ಚಿನ ಮುಂದೆ ಫ್ಯಾನಿನ ಬೆಲೆ ಏನೂ ಅಲ್ಲ.

ದೊಡ್ಡ ಡೀಸೆಲ್ ವ್ಯಾನುಗಳಲ್ಲಿ ಎಂಜಿನಿನ ಬೆಲ್ಟಿಗೇ ಫ್ಯಾನ್ ಇದ್ದರೆ ಈ ಲೆಕ್ಕ ಬೇರೆ. ಅಲ್ಲಿ ಮೋಟರ್ ಇಲ್ಲ, ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕಪ್ಲಿಂಗ್ (ಬಿಸಿಯಾದಾಗ ಮಾತ್ರ ಫ್ಯಾನನ್ನು ಪುಲ್ಲಿಯೊಡನೆ ಬಿಗಿಯಾಗಿ ತಿರುಗಿಸುವ ಜೋಡಣೆ) ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಜೋರು ಗಾಳಿಯ ಸದ್ದು ಬಂದು ಇಳಿಯುವುದು ಸಹಜ. ಸದಾ ವಿಮಾನದಂತೆ ಕೂಗಿದರೆ ಕಪ್ಲಿಂಗ್ ಜಾಮ್ ಆಗಿದೆ, ಮೈಲೇಜೂ ಇಳಿದಿರುತ್ತದೆ. ಎಂಜಿನ್ ಆಫ್ ಇದ್ದಾಗ ಬ್ಲೇಡ್ ದೂಡಿದರೆ ತಡೆಯಿಲ್ಲದೆ ನಾಲ್ಕೈದು ಸುತ್ತು ಹೋದರೆ, ನಡುವಿನಿಂದ ಎಣ್ಣೆಯ ಗೆರೆ ಹರಡಿದ್ದರೆ, ಎಣ್ಣೆ ಸೋರಿ ಮುಗಿದಿದೆ. ಎರಡಕ್ಕೂ ಕಪ್ಲಿಂಗ್ ಬದಲಿಸುವುದೇ ಮದ್ದು. ಫ್ಯಾನಿನೊಡನೆ ಪುಲ್ಲಿಯೂ ಅಲುಗಿದರೆ ವಾಟರ್ ಪಂಪ್ ಬೇರಿಂಗ್ ಹೋಗಿದೆ. ಪಂಪಿನ ಅಡಿಯ ಚಿಕ್ಕ ತೂತಿನಿಂದ ನೀರು ತೊಟ್ಟಿಕ್ಕುತ್ತಿದೆಯೇ ನೋಡಿ. ಬ್ಲೇಡ್ ಹಾರಿ ರೇಡಿಯೇಟರ್ ಸೀಳುವ ಮೊದಲು ಪಂಪ್ ಬದಲಿಸಿ.

ಕೂರಿಸುವಾಗ

ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಹಾಗಾಗಿ ಫ್ಯಾನಿನ ಕೆಲಸ ಹೆಚ್ಚಾಗಿ ಗಾಡಿಯ ಕೆಳಗಿನಿಂದ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಇಡಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಡಿ, ಇಲ್ಲದಿದ್ದರೆ ತಲೆ ತುಂಡಾಗಿ ರೇಡಿಯೇಟರಿನ ಬ್ರಾಕೆಟಿನಲ್ಲಿ ಉಳಿಯುತ್ತದೆ. ಫ್ಯಾನ್ ಹೊರಗಿರುವಾಗಲೇ ರೇಡಿಯೇಟರಿನ ರೆಕ್ಕೆಗಳನ್ನು ತೊಳೆಯಿರಿ: ಹಿಂದಿನಿಂದ ಮುಂದಕ್ಕೆ, ತೋಟಕ್ಕೆ ಬಿಡುವ ಪೈಪಿನ ಸಾಧಾರಣ ಒತ್ತಡದಲ್ಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಕಟ್ಟಿದ ರೇಡಿಯೇಟರ್ ಇದ್ದರೆ ಫ್ಯಾನ್ ಬಿಡುವಿಲ್ಲದೆ ತಿರುಗಿ ಹೊಸ ಬುಷ್ಷೂ ಬೇಗ ಸವೆಯುತ್ತದೆ.

ಮೋಟರನ್ನು ಕೂರಿಸುವಾಗ ಡಬ್ಬಿಯ ಅಂಚಿನಲ್ಲಿ ಒಂದು ಸಣ್ಣ ತೂತು ಇದೆಯೇ ಹುಡುಕಿ. ಅದು ನೀರು ಇಳಿಯುವ ತೂತು, ಅದು ಕೆಳಮುಖವಾಗಿಯೇ ಬರಬೇಕು. ಮೇಲ್ಮುಖವಾದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಮೋಟರ್ ಬಾವಿಯಾಗುತ್ತದೆ. ಪೇಂಟ್ ಮಾಡುವಾಗ ಆ ತೂತು ಮುಚ್ಚಬೇಡಿ. ಗಟ್ಟಿಯಾದ ಮೌಂಟ್ ರಬ್ಬರುಗಳನ್ನು ಬದಲಿಸಿ, ಬೋಲ್ಟಿನ ಮರೆಗೆ ಗ್ರೀಸ್ ಸವರಿ, ಕಪ್ಲರಿನ ಪಿನ್ನುಗಳನ್ನು ಉಜ್ಜಿ ತೆಳುವಾಗಿ ವ್ಯಾಸಲೀನ್ ಹಚ್ಚಿ. ಅರ್ತ್ ವೈರಿನ ಅಡಿಯ ಪೇಂಟ್ ಕೆರೆದು ಬಿಗಿಮಾಡಿ.

ಹಳೆಯ ಗಾಡಿಗಳಲ್ಲಿ ಒಂದು ಸಂಗತಿ ಪದೇ ಪದೇ ಕಾಣುತ್ತದೆ. ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ ಅಥವಾ ರಿಲೇ ಕೆಟ್ಟಾಗ ಫ್ಯಾನನ್ನು ಇಗ್ನಿಷನ್ನಿಗೆ ‘ಡೈರೆಕ್ಟ್’ ಮಾಡಿಬಿಟ್ಟಿರುತ್ತಾರೆ. ಕೀ ತಿರುಗಿಸಿದ್ದೇ ಫ್ಯಾನ್ ಶುರು. ಬೇಕಾದಾಗ ಕೆಲವು ನಿಮಿಷ ತಿರುಗಬೇಕಾದ ಮೋಟರ್ ದಿನವಿಡೀ ತಿರುಗುತ್ತದೆ, ಬುಷ್ಷೂ ಕಾರ್ಬನ್ನೂ ಅಷ್ಟೇ ಬೇಗ ಮುಗಿಯುತ್ತವೆ. ಹೊಸ ಮೋಟರ್ ಹಾಕುವ ದಿನವೇ ಇದನ್ನು ಬಿಡಿಸಿ ಸ್ವಿಚ್ ಅಥವಾ ರಿಲೇ ಸರಿಮಾಡಿಸಿ.

ಎಲ್ಲ ಮುಗಿದ ಮೇಲೆ ಫ್ಯಾನ್ ತಿರುಗುವಾಗ ಗಾಡಿಯ ಮುಂದೆ, ಗ್ರಿಲ್ಲಿನ ಹತ್ತಿರ ಒಂದು ಹಾಳೆ ಹಿಡಿಯಿರಿ. ಅದು ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಎರಡು ವೈರುಗಳು ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ಆಗ ಸದ್ದೂ ಬೇರೆಯೇ, ತಣಿಸುವುದೂ ಇಲ್ಲ. ಕೂಲೆಂಟ್ ಮಟ್ಟ ನೋಡಿ. ಬಾವಿ ನೀರು ಬೇಡ, ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರಿರುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಸೇರಿಸಿ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ. 0.9 ಬಾರ್ ಮುಚ್ಚಳ ಸರಿಯಿದ್ದಾಗ ನೀರು ಕುದಿಯಲು ಸುಮಾರು 119 ಡಿಗ್ರಿ ಬೇಕು, ಮುಚ್ಚಳ ಒತ್ತಡ ಬಿಟ್ಟರೆ 100ಕ್ಕೇ ಕುದಿಯುತ್ತದೆ.

ಆಮೇಲೆ ಎಂಜಿನನ್ನು ಐಡಲ್‌ನಲ್ಲಿ ಬಿಟ್ಟು ಕಾಯಿರಿ. ಫ್ಯಾನ್ ತಾನಾಗಿ ಆನ್ ಆಗಿ, ಕೆಲವು ನಿಮಿಷ ತಿರುಗಿ, ತಾನಾಗಿ ನಿಲ್ಲಬೇಕು. ಹೀಗೆ ಮೂರು ಸಲ ಆಗುವವರೆಗೆ ನೋಡಿ. ಎಸಿ ಇದ್ದರೆ ಅದನ್ನು ಹಾಕಿಯೂ ಒಮ್ಮೆ ನೋಡಿ. ಮುಳ್ಳು ನಡುವಿನಿಂದ ಹೆಚ್ಚು ಮೇಲೇರದಿದ್ದರೆ ಗಾಡಿ ತಯಾರು. ಒಂದು ವಾರ ಓಡಿಸಿದ ಮೇಲೆ ಮೌಂಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಹೊಸ ರಬ್ಬರ್ ಸ್ವಲ್ಪ ಕುಸಿದಿರುತ್ತದೆ.